ಅಪ್‌ಡೇಟ್ ಹಾಕಿದ್ದಕ್ಕೇ ಕೆಟ್ಟಿತಾ? (2010ರ ನೀಲಿ ತೆರೆಯ ಕತೆ)

ಕಳೆದ ವಾರ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ಮೊಮ್ಮಗಳ ಫೋಟೋ ತೋರಿಸೋಕೆ ಅಂತ ತಮ್ಮ ಫೋನು ಕೊಟ್ಟರು. ಫೋಟೋಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ತೆರೆಯ ಮೇಲಿದ್ದ ಸೂಚನೆ: ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಿ ಅಂತ. ಒಳಗೆ ಹೋಗಿ ನೋಡಿದರೆ ಒಂದೂವರೆ ವರ್ಷದಿಂದ ಒಂದನ್ನೂ ಹಾಕಿಲ್ಲ!

"ಇದ್ಯಾಕೆ ಚಿಕ್ಕಪ್ಪ ಹೀಗೆ ಬಿಟ್ಟಿದ್ದೀರಿ?" ಅಂದೆ.

"ಅಲ್ಲೋ, ಅಪ್‌ಡೇಟ್ ಹಾಕಿದ್ರೆ ಕೆಟ್ಟೋಗತ್ತೆ, ಹಾಕ್ಲೇಬೇಡಿ ಅಂತ ನೀನೇ ಹೇಳಿದ್ದಲ್ವಾ?"

ನಾನು ಸುಮ್ಮನಾದೆ. ಹೌದು, ಹೇಳಿದ್ದೆ. 2010ರ ಫೆಬ್ರವರಿಯಲ್ಲಿ. ಆಗ ಅವರ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಎಲ್ಲೆಲ್ಲೋ ಜನರ ಕಂಪ್ಯೂಟರುಗಳು ವಿಂಡೋಸ್ ಅಪ್‌ಡೇಟ್ ಹಾಕಿದ ಮೇಲೆ ಏಳುತ್ತಲೇ ಇಲ್ಲ ಅನ್ನೋ ಸುದ್ದಿಯನ್ನು ಅಂತರ್ಜಾಲದಲ್ಲಿ ಓದಿ, ದೊಡ್ಡ ತಿಳಿದವನ ಹಾಗೆ ಊರಿಗೆ ಫೋನ್ ಮಾಡಿ "ಚಿಕ್ಕಪ್ಪ, ಅಪ್‌ಡೇಟ್ ಬರೋದನ್ನೇ ನಿಲ್ಲಿಸಿಬಿಡಿ" ಅಂದಿದ್ದೆ. ಯಾವ ಗುಂಡಿ ಒತ್ತಬೇಕು ಅಂತಲೂ ಹೇಳಿಕೊಟ್ಟಿದ್ದೆ. ಅದು ಸುದ್ದಿಯ ಮೊದಲ ಅರ್ಧ ಓದಿ ಹೇಳಿದ ಮಾತು. ಉಳಿದರ್ಧ ಒಂದು ವಾರದ ನಂತರ ಬಂತು. ಅದನ್ನು ಓದಿದೆ, ಆಶ್ಚರ್ಯಪಟ್ಟೆ, ಆದರೆ ಮತ್ತೆ ಫೋನ್ ಮಾಡಿ ಹೇಳಲಿಲ್ಲ. ಇಷ್ಟು ವರ್ಷವಾದ ಮೇಲೆ ಆ ಉಳಿದರ್ಧವನ್ನು ಇಲ್ಲಿ ಬರೆದು ಸಾಲ ತೀರಿಸಿಕೊಳ್ಳುತ್ತಿದ್ದೇನೆ. ಕತೆ ಸ್ವಲ್ಪ ಉದ್ದ ಇದೆ, ಆದರೆ ಪತ್ತೇದಾರಿ ಕತೆ, ಬೇಜಾರಾಗಲ್ಲ :-)

ಮೊದಲು ಈ ಅಪ್‌ಡೇಟ್ ಅನ್ನೋದು ನಮ್ಮ ಜೀವನಕ್ಕೆ ಹೇಗೆ ಬಂತು ಅಂತ ನೋಡೋಣ. ವಿಂಡೋಸ್ ಎಕ್ಸ್‌ಪಿ ಹೊರಬಂದದ್ದು 2001ರ ಅಕ್ಟೋಬರ್ 25ರಂದು. ಆಗೆಲ್ಲ ಅಪ್‌ಡೇಟ್ ಹಾಕುವುದು ಆಸಕ್ತಿ ಇದ್ದವರ ಕೆಲಸ. ಬಹಳ ಜನಕ್ಕೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಇದನ್ನು ಬದಲಾಯಿಸಿದ್ದು ಬ್ಲಾಸ್ಟರ್ ಅನ್ನೋ ಹುಳು. 2003ರ ಜುಲೈ 16ರಂದು ಮೈಕ್ರೋಸಾಫ್ಟ್ ವಿಂಡೋಸಿನ ಒಂದು ದೋಷಕ್ಕೆ ತೇಪೆ ಬಿಡುಗಡೆ ಮಾಡಿತ್ತು. ಆಗಸ್ಟ್ 11ರಂದು, ಅಂದರೆ ನಾಲ್ಕು ವಾರದೊಳಗೆ, ಅದೇ ದೋಷದ ಮೂಲಕ ಬ್ಲಾಸ್ಟರ್ ಒಳನುಗ್ಗಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಅಂತರ್ಜಾಲಕ್ಕೆ ಸೇರಿಸಿದ್ದರೆ ಸಾಕು. ಇದ್ದಕ್ಕಿದ್ದಂತೆ ಒಂದು ಪೆಟ್ಟಿಗೆ ಮೂಡಿ, ಇನ್ನು 60 ಸೆಕೆಂಡಿನಲ್ಲಿ ಕಂಪ್ಯೂಟರ್ ಮತ್ತೆ ಶುರುವಾಗುತ್ತದೆ ಅಂತ ಎಣಿಸತೊಡಗುತ್ತಿತ್ತು. ನಿಮ್ಮಲ್ಲಿ ಕೆಲವರಾದರೂ ಅದನ್ನು ಕಂಡಿರುತ್ತೀರ. ಔಷಧ ಮೊದಲೇ ಬಂದಿತ್ತು, ಜನ ಕುಡಿದಿರಲಿಲ್ಲ, ಅಷ್ಟೇ. ಅದೇ ವರ್ಷದ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಶುರು ಮಾಡಿತು. ಪ್ಯಾಚ್ ಟ್ಯೂಸ್‌ಡೇ ಅಂತ ಹೆಸರಾಯಿತು. ಮುಂದಿನ ವರ್ಷ ಬಂದ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್, ಅಪ್‌ಡೇಟುಗಳು ತಾವಾಗಿಯೇ ಇಳಿಯುವಂತೆ ಇಟ್ಟುಕೊಳ್ಳಿ ಅಂತ ಎಲ್ಲರಿಗೂ ಒತ್ತಾಯ ಮಾಡತೊಡಗಿತು.

ಈಗ ನಮ್ಮ ಕತೆಯ ದೋಷಕ್ಕೆ ಬರೋಣ. ಅದು ಭಾರೀ ಹಳೆಯದು.

1993ರಲ್ಲಿ ವಿಂಡೋಸ್ ಎನ್‌ಟಿ 3.1 ಬಂದಾಗ ಜನರ ಹತ್ತಿರ ಇದ್ದದ್ದೆಲ್ಲ ಡಾಸ್ ಕಾಲದ 16 ಬಿಟ್ ಪ್ರೋಗ್ರಾಮುಗಳು. ಅವು ಹೊಸ ವ್ಯವಸ್ಥೆಯಲ್ಲೂ ಓಡಬೇಕಲ್ಲ? ಅದಕ್ಕಾಗಿ ಒಳಗೊಂದು ಪುಟ್ಟ ಹಳೇ ಪ್ರಪಂಚವನ್ನೇ ಕಟ್ಟಿಕೊಟ್ಟರು. ಡಾಸ್ ಪ್ರೋಗ್ರಾಮು ತಾನು ಡಾಸ್‌ನಲ್ಲೇ ಇದ್ದೇನೆ ಅಂದುಕೊಂಡು ಅದರೊಳಗೆ ಕೆಲಸ ಮಾಡಿಕೊಂಡಿರುತ್ತಿತ್ತು. ಹೊಸ ಮನೆ ಕಟ್ಟಿದರೂ ಅಜ್ಜಿಗೆ ಬೇಕು ಅಂತ ಹಿತ್ತಿಲಲ್ಲಿ ಹಳೇ ಒಲೆ ಉಳಿಸಿಕೊಳ್ತೀವಲ್ಲ, ಹಾಗೆ. ಹಿತ್ತಿಲ ಆ ಬಾಗಿಲಲ್ಲಿ ಒಂದು ಬಿರುಕು ಉಳಿದುಹೋಗಿತ್ತು. ಮಾಮೂಲಿ ಬಳಕೆದಾರನಾಗಿ ಒಳಬಂದವನು ಆ ಬಿರುಕಿನ ಮೂಲಕ ವಿಂಡೋಸಿನ ತಿರುಳಿನೊಳಗೇ (ಇದಕ್ಕೆ ಕರ್ನೆಲ್ ಅಂತಾರೆ) ನುಸುಳಿ ಇಡೀ ಯಂತ್ರದ ಯಜಮಾನನಾಗಬಹುದಿತ್ತು. ಎನ್‌ಟಿ, 2000, ಎಕ್ಸ್‌ಪಿ, ವಿಸ್ತಾ, 7... 32 ಬಿಟ್‌ನ ಎಲ್ಲ ಆವೃತ್ತಿಗಳಲ್ಲೂ ಬಿರುಕು ಹಾಗೇ ಮುಂದುವರಿದುಕೊಂಡು ಬಂತು.

ಇದನ್ನು ಕಂಡುಹಿಡಿದವರು ಗೂಗಲ್‌ನಲ್ಲಿದ್ದ ಟ್ಯಾವಿಸ್ ಆರ್ಮಂಡಿ. 2009ರ ಜೂನ್‌ನಲ್ಲಿ ಮೈಕ್ರೋಸಾಫ್ಟಿಗೆ ತಿಳಿಸಿದರು. ತಿಂಗಳುಗಳು ಕಳೆದರೂ ತೇಪೆ ಬರಲಿಲ್ಲ. 2010ರ ಜನವರಿ 19ರಂದು ಅವರು ದೋಷದ ವಿವರಗಳನ್ನೆಲ್ಲ ಬಹಿರಂಗ ಮಾಡಿಬಿಟ್ಟರು. ಹಾಗೆ ಮಾಡಿದ್ದು ಸರಿಯೋ ತಪ್ಪೋ ಅಂತ ಆಗ ದೊಡ್ಡ ಜಗಳವೇ ನಡೆಯಿತು, ಅದು ಬೇರೆ ಕತೆ. ಈ ಕಡೆ ಮೈಕ್ರೋಸಾಫ್ಟಿಗೆ ಇನ್ನು ತಡ ಮಾಡುವ ಹಾಗಿರಲಿಲ್ಲ. ಮೂರು ವಾರಕ್ಕೆ ಸರಿಯಾಗಿ, 2010ರ ಫೆಬ್ರವರಿ 9ರ ಮಂಗಳವಾರ, ತೇಪೆ ಬಂತು. ಹೆಸರು ಎಂಎಸ್10-015, ಕಡತದ ಸಂಖ್ಯೆ ಕೆಬಿ977165. ಹದಿನೇಳು ವರ್ಷದ ಬಿರುಕು ಮುಚ್ಚಿತು.

ಮರುದಿನದಿಂದಲೇ ಗೋಳು ಶುರು.

ಎಕ್ಸ್‌ಪಿ ಇಟ್ಟುಕೊಂಡವರು ಹೇಳಿದ್ದು ಹೆಚ್ಚುಕಡಿಮೆ ಒಂದೇ: ರಾತ್ರಿ ಅಪ್‌ಡೇಟ್ ಇಳಿಯಿತು, ಮತ್ತೆ ಶುರು ಮಾಡಿ ಅಂತು, ಮಾಡಿದೆ, ವಿಂಡೋಸಿನ ಚಿತ್ರ ಬಂದು ಅರೆಗಳಿಗೆಯಲ್ಲಿ ನೀಲಿ ತೆರೆ ಮಿಂಚಿ ಮಾಯವಾಯಿತು, ಮತ್ತೆ ಮೊದಲಿಂದ ಶುರು, ಮತ್ತೆ ನೀಲಿ... ಹೀಗೇ ಸುತ್ತುತ್ತಾ ಇದೆ. ಸೇಫ್ ಮೋಡಿನಲ್ಲಿ ಹೋದರೂ ಅದೇ. ಇಲ್ಲಿ ಒಂದು ಮಾತು ಹೇಳಬೇಕು. ನೀಲಿ ತೆರೆ ಅಂದರೆ ಕಂಪ್ಯೂಟರ್ ಸತ್ತಿತು ಅಂತ ನಾವು ಅಂದುಕೊಳ್ಳುತ್ತೇವೆ, ನಿಜವಾಗಿ ಅದು ಕಂಪ್ಯೂಟರ್ ಬೇಕಂತಲೇ ನಿಲ್ಲುವುದು. ತಿರುಳಿನಲ್ಲಿ ಏನೋ ಆಗಬಾರದ್ದು ಆಗಿದೆ, ಇನ್ನು ಮುಂದುವರಿದರೆ ಡಿಸ್ಕಿನಲ್ಲಿರುವುದೆಲ್ಲ ಹಾಳಾದೀತು ಅನ್ನಿಸಿದಾಗ ವಿಂಡೋಸ್ ತಾನೇ ಬ್ರೇಕ್ ಒತ್ತುತ್ತದೆ. ಏನಾಯಿತು ಅಂತ ಒಂದು ಸಂಖ್ಯೆಯನ್ನೂ ಬರೆದಿಡುತ್ತದೆ. ಆದರೆ ಎಕ್ಸ್‌ಪಿಯಲ್ಲಿ ತಾನಾಗಿ ಮತ್ತೆ ಶುರುವಾಗುವ ಏರ್ಪಾಟು ಮೊದಲಿಂದಲೇ ಇದ್ದದ್ದರಿಂದ ಆ ಸಂಖ್ಯೆ ಓದುವಷ್ಟು ಹೊತ್ತು ತೆರೆ ನಿಲ್ಲುತ್ತಿರಲಿಲ್ಲ. ಎಫ್8 ಒತ್ತಿ ಆ ಏರ್ಪಾಟನ್ನು ತಡೆದರಷ್ಟೇ ಓದಬಹುದಿತ್ತು.

ರಿಪೇರಿಯ ದಾರಿ ಬೇಗನೇ ಸಿಕ್ಕಿತು. ವಿಂಡೋಸಿನ ಮೂಲ ಸಿಡಿ ಹಾಕಿ ಅದರಿಂದ ಕಂಪ್ಯೂಟರ್ ಶುರು ಮಾಡುವುದು. ಆರ್ ಒತ್ತಿ ರಿಕವರಿ ಕನ್ಸೋಲ್‌ಗೆ ಹೋಗುವುದು. ಅದು ಕಪ್ಪು ತೆರೆ, ಮೌಸ್ ಇಲ್ಲ, ಕೇವಲ ಟೈಪಿಸುವುದು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಪ್ರತಿಯೊಂದು ಅಪ್‌ಡೇಟ್ ಹಾಕುವಾಗಲೂ ಎಕ್ಸ್‌ಪಿ ಹಳೇ ಕಡತಗಳನ್ನು ವಿಂಡೋಸ್ ಫೋಲ್ಡರಿನೊಳಗೆ ಒಂದು ಅಡಗಿದ ಫೋಲ್ಡರಿನಲ್ಲಿ ಎತ್ತಿಟ್ಟಿರುತ್ತದೆ, ಡಾಲರ್ ಚಿಹ್ನೆ ಹಾಕಿದ ಹೆಸರಿನಲ್ಲಿ. ಕೆಬಿ977165ರ ಆ ಫೋಲ್ಡರಿಗೆ ಹೋಗಿ, ಅಲ್ಲಿದ್ದ ಬ್ಯಾಚ್ ಕಡತವೊಂದನ್ನು ಓಡಿಸಿದರೆ ಹೊಸ ಕಡತಗಳು ಹೋಗಿ ಹಳೆಯವು ವಾಪಸ್ ಬಂದು ಕೂರುತ್ತವೆ. ಎಕ್ಸಿಟ್ ಅಂತ ಬರೆದು ಹೊರಬಂದರೆ ಕಂಪ್ಯೂಟರ್ ಏನೂ ಆಗದವರ ಹಾಗೆ ಏಳುತ್ತಿತ್ತು!

ಹೇಳಲು ಸುಲಭ. ಮೂಲ ಸಿಡಿಯೇ ಇಲ್ಲದವರು ಎಷ್ಟು ಜನ! ಅದು ನೆಟ್‌ಬುಕ್‌ಗಳ ಕಾಲ ಬೇರೆ, ಆ ಪುಟಾಣಿ ಲ್ಯಾಪ್‌ಟಾಪುಗಳಿಗೆ ಸಿಡಿ ಹಾಕುವ ಜಾಗವೇ ಇರಲಿಲ್ಲ. ಪಾಸ್‌ವರ್ಡ್ ಯಾವತ್ತೋ ಯಾರೋ ಇಟ್ಟದ್ದು, ನೆನಪಿಲ್ಲ. ಇದು ಯಾವುದೂ ಇಲ್ಲದವರ ಪಾಲಿಗೆ ಉಳಿಯುವುದು ಫಾರ್ಮ್ಯಾಟ್. ಅದರ ಜೊತೆ ಫೋಟೋ, ಪತ್ರ, ಲೆಕ್ಕ ಎಲ್ಲ ಹೋಯಿತು.

ಫೆಬ್ರವರಿ 11ರ ಹೊತ್ತಿಗೆ ಮೈಕ್ರೋಸಾಫ್ಟ್ ಆ ಅಪ್‌ಡೇಟನ್ನು ತಾನಾಗಿ ಹಂಚುವುದನ್ನು ನಿಲ್ಲಿಸಿತು. ನಾನು ಓದಿದ ಸುದ್ದಿ ಇಷ್ಟೇ. ಅಪ್‌ಡೇಟ್ ಕೆಟ್ಟದ್ದು, ಕಂಪನಿಯೇ ಒಪ್ಪಿಕೊಂಡು ನಿಲ್ಲಿಸಿದೆ, ತೆಗೆದರೆ ಕಂಪ್ಯೂಟರ್ ಸರಿಹೋಗುತ್ತದೆ. ಇನ್ನೇನು ಸಾಕ್ಷಿ ಬೇಕು? ಚಿಕ್ಕಪ್ಪನಿಗೆ ಫೋನ್ ಮಾಡಿದೆ.

ಆದರೆ ಒಂದು ಪ್ರಶ್ನೆ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅದೇ ಅಪ್‌ಡೇಟ್, ಅದೇ ಎಕ್ಸ್‌ಪಿ, ಹಾಕಿಕೊಂಡವರು ಲೆಕ್ಕವಿಲ್ಲದಷ್ಟು ಜನ. ಹೆಚ್ಚಿನವರ ಕಂಪ್ಯೂಟರಿಗೆ ಏನೂ ಆಗಲಿಲ್ಲ. ಕೆಲವರದ್ದು ಮಾತ್ರ ಮಲಗಿತು. ಯಾಕೆ? ಊರಿಗೆಲ್ಲ ಒಂದೇ ಅಡುಗೆ ಬಡಿಸಿದಾಗ ಒಂದು ಪಂಕ್ತಿಯವರಿಗೆ ಮಾತ್ರ ವಾಂತಿಯಾದರೆ, ಅಡುಗೆಯನ್ನು ಬೈಯುವ ಮೊದಲು ಆ ಪಂಕ್ತಿಯವರು ಬೇರೇನು ತಿಂದಿದ್ದರು ಅಂತ ಕೇಳಬೇಕಲ್ಲವೇ?

ಕೇಳಿದವರಿದ್ದರು. ಅಮೆರಿಕದ ಒಬ್ಬ ಕಂಪ್ಯೂಟರ್ ತಂತ್ರಜ್ಞ ಕೈಗೆ ಬಂದ ಕೆಟ್ಟ ಯಂತ್ರದ ಡಿಸ್ಕನ್ನು ಹೊರಗಿನಿಂದ ಪರೀಕ್ಷಿಸುತ್ತಾ ಹೋದಾಗ ಎಟಿಎಪಿಐ.ಸಿಸ್ ಅನ್ನೋ ಒಂದು ಕಡತದ ಮೇಲೆ ಅನುಮಾನ ಬಂತು. ಇದು ಹಾರ್ಡ್ ಡಿಸ್ಕಿನ ಜೊತೆ ಮಾತಾಡುವ ಡ್ರೈವರ್. ಆ ಕಡತವನ್ನು ತೆಗೆದು ಶುದ್ಧ ಪ್ರತಿಯನ್ನು ಹಾಕಿದರೆ, ಅಪ್‌ಡೇಟನ್ನು ಮುಟ್ಟದೆಯೇ ಕಂಪ್ಯೂಟರ್ ಎದ್ದು ಕೂತಿತು! ಅಂದರೆ ತಪ್ಪು ಅಪ್‌ಡೇಟಿನದ್ದಲ್ಲ. ಎಟಿಎಪಿಐ ಕಡತದೊಳಗೆ ಯಾರೋ ಕೂತಿದ್ದರು.

ಕೂತಿದ್ದವನ ಹೆಸರು ಅಲ್ಯೂರಿಯನ್. ಬೇರೆ ಬೇರೆ ಆಂಟಿವೈರಸ್ ಕಂಪನಿಗಳು ಅದನ್ನೇ ಟಿಡಿಎಸ್‌ಎಸ್, ಟಿಡಿಎಲ್3 ಅಂತೆಲ್ಲ ಕರೆದವು. ಜಾತಿ ರೂಟ್‌ಕಿಟ್. ವೈರಸ್ಸಿಗಿಂತ ಇದು ಬೇರೆ ಬಗೆ. ವೈರಸ್ ಮನೆಯೊಳಗೆ ಬಂದು ಗಲಾಟೆ ಮಾಡುವ ಕಳ್ಳ ಆದರೆ ರೂಟ್‌ಕಿಟ್ ಮನೆಯ ಕಾವಲುಗಾರನ ವೇಷ ಹಾಕಿಕೊಂಡು ಬಾಗಿಲಲ್ಲೇ ನಿಲ್ಲುವ ಕಳ್ಳ. ಟಿಡಿಎಲ್3 ಡಿಸ್ಕಿನ ಡ್ರೈವರಿನೊಳಗೆ ತನ್ನ ಚಿಕ್ಕ ತುಣುಕನ್ನು ಸೇರಿಸುತ್ತಿತ್ತು, ಕಡತದ ಗಾತ್ರ ಒಂದಿಷ್ಟೂ ಬದಲಾಗದಂತೆ. ಉಳಿದ ಭಾಗವನ್ನೆಲ್ಲ ಡಿಸ್ಕಿನ ಕಟ್ಟಕಡೆಯ ಜಾಗದಲ್ಲಿ, ಯಾವ ಫೋಲ್ಡರಿಗೂ ಸೇರದ ಕಡೆ ಬಚ್ಚಿಡುತ್ತಿತ್ತು. ಡಿಸ್ಕಿನಿಂದ ಯಾರು ಏನು ಓದಬೇಕಾದರೂ ಆ ಡ್ರೈವರಿನ ಮೂಲಕವೇ ತಾನೇ ಓದಬೇಕು? ಆಂಟಿವೈರಸ್ ಬಂದು "ಎಟಿಎಪಿಐ ತೋರಿಸು" ಅಂದರೆ ಅದು ಹಳೆಯ ಶುದ್ಧ ಕಡತವನ್ನು ತೋರಿಸಿ ಕಳಿಸುತ್ತಿತ್ತು. ಹಾಗಾಗಿ ಒಳಗಿನಿಂದ ಎಷ್ಟು ಹುಡುಕಿದರೂ ಎಲ್ಲ ಸರಿಯಾಗೇ ಕಾಣುತ್ತಿತ್ತು. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ, ಅಥವಾ ಸಿಡಿಯಿಂದ ಶುರು ಮಾಡಿ ನೋಡಿದರೆ ಮಾತ್ರ ವೇಷ ಕಳಚುತ್ತಿತ್ತು. ಸೇಫ್ ಮೋಡ್ ಯಾಕೆ ಕೆಲಸಕ್ಕೆ ಬರಲಿಲ್ಲ ಅನ್ನೋದೂ ಈಗ ಗೊತ್ತಾಯಿತು. ಸೇಫ್ ಮೋಡಿಗೂ ಡಿಸ್ಕ್ ಬೇಕು, ಡಿಸ್ಕಿಗೆ ಅದೇ ಡ್ರೈವರ್ ಬೇಕು.

ಸರಿ, ಇಷ್ಟು ಜಾಣ ಕಳ್ಳ ಅಪ್‌ಡೇಟ್ ಬಂದ ದಿನ ಯಾಕೆ ಎಡವಿದ?

ಕರ್ನೆಲ್ಲಿನಲ್ಲಿ ನೂರಾರು ಕೆಲಸಗಳಿಗೆ ನೂರಾರು ಸಣ್ಣ ಕಾರ್ಯವಿಧಿಗಳಿರುತ್ತವೆ. ಮಾಮೂಲಿ ಡ್ರೈವರುಗಳು ತಮಗೆ ಬೇಕಾದ್ದನ್ನು ಹೆಸರು ಹಿಡಿದು ಕೇಳುತ್ತವೆ. ಆ ಹೆಸರಿನದ್ದು ಇವತ್ತು ಎಲ್ಲಿದೆ ಅಂತ ವಿಂಡೋಸ್ ಹುಡುಕಿ ಹೇಳುತ್ತದೆ. ಅಪ್‌ಡೇಟ್ ಬಂದು ಜಾಗ ಬದಲಾದರೂ ತೊಂದರೆ ಇಲ್ಲ. ಟಿಡಿಎಲ್3 ಹಾಗೆ ಕೇಳಲಿಲ್ಲ. ಕರ್ನೆಲ್ ಕಡತದ ಶುರುವಿನಿಂದ ಇಷ್ಟು ದೂರದಲ್ಲಿ ಇಂಥದ್ದಿದೆ ಅಂತ ಮೊದಲೇ ಅಳೆದು, ಆ ಅಂಕೆಗಳನ್ನೇ ಬರೆದಿಟ್ಟುಕೊಂಡಿತ್ತು. ಕತ್ತಲಲ್ಲಿ ಹೆಜ್ಜೆ ಎಣಿಸಿ ನಡೆಯುವ ಕಳ್ಳನನ್ನು ನೆನೆಸಿಕೊಳ್ಳಿ. ಬಾಗಿಲಿನಿಂದ ಹನ್ನೆರಡು ಹೆಜ್ಜೆ, ಎಡಕ್ಕೆ ತಿರುಗಿದರೆ ಬೀರು ಅಂತ ಅವನಿಗೆ ಬಾಯಿಪಾಠ. ಒಂದು ದಿನ ಮನೆಯವರು ಹಿತ್ತಿಲ ಬಿರುಕು ಮುಚ್ಚಲು ಒಂದು ಗೋಡೆಯನ್ನು ಅರ್ಧ ಅಡಿ ಸರಿಸಿ ಕಟ್ಟಿದರು. ಕಳ್ಳನಿಗೆ ಅದು ಗೊತ್ತಿಲ್ಲ. ರಾತ್ರಿ ಬಂದ, ಹನ್ನೆರಡು ಹೆಜ್ಜೆ ಎಣಿಸಿದ, ಎಡಕ್ಕೆ ತಿರುಗಿದ, ಬಾವಿಗೆ ಬಿದ್ದ. ಎಂಎಸ್10-015 ಕರ್ನೆಲ್ಲನ್ನು ತಿದ್ದಿದ್ದರಿಂದ ಅದರೊಳಗಿನ ಜಾಗಗಳು ಕೊಂಚ ಸರಿದಿದ್ದವು. ರೂಟ್‌ಕಿಟ್ ಹಳೇ ಅಂಕೆ ಹಿಡಿದು ಹೋಗಿ ಇಲ್ಲದ ಜಾಗಕ್ಕೆ ಕಾಲಿಟ್ಟಿತು. ಆಗಬಾರದ್ದು ಆಯಿತು ಅಂತ ವಿಂಡೋಸ್ ಬ್ರೇಕ್ ಒತ್ತಿತು. ನೀಲಿ ತೆರೆ.

ಫೆಬ್ರವರಿ 17ರಂದು ಮೈಕ್ರೋಸಾಫ್ಟ್ ಇದನ್ನು ಅಧಿಕೃತವಾಗಿ ಹೇಳಿತು: ಕಾರಣ ಅಲ್ಯೂರಿಯನ್, ಅಪ್‌ಡೇಟಿನಲ್ಲಿ ಗುಣಮಟ್ಟದ ದೋಷ ಕಂಡುಬಂದಿಲ್ಲ. ಕರ್ನೆಲ್ ಕಡತವನ್ನು ಮುಟ್ಟುವ ಯಾವ ಅಪ್‌ಡೇಟ್ ಬಂದಿದ್ದರೂ ಆ ಯಂತ್ರಗಳು ಹೀಗೇ ಬೀಳುತ್ತಿದ್ದವು.

ಈಗ ಆ ರಿಪೇರಿಯನ್ನು ಮತ್ತೊಮ್ಮೆ ನೋಡಿ. ಸಿಡಿ ಹಾಕಿ, ಕಪ್ಪು ತೆರೆಯಲ್ಲಿ ಕಷ್ಟಪಟ್ಟು ಟೈಪಿಸಿ, ಅಪ್‌ಡೇಟ್ ತೆಗೆದರೆ ಕಂಪ್ಯೂಟರ್ ಎದ್ದಿತು ಅಂತ ಜನ ಸಂತೋಷಪಟ್ಟರಲ್ಲ, ಅವರು ಮಾಡಿದ್ದೇನು? ಗೋಡೆಯನ್ನು ಮತ್ತೆ ಹಳೇ ಜಾಗಕ್ಕೇ ಸರಿಸಿ, ಕಳ್ಳನಿಗೆ ಅವನ ಹನ್ನೆರಡು ಹೆಜ್ಜೆಯನ್ನು ವಾಪಸ್ ಕೊಟ್ಟರು. ಜೊತೆಗೆ ಹದಿನೇಳು ವರ್ಷದ ಬಿರುಕನ್ನೂ ಮತ್ತೆ ತೆರೆದರು. ಯಂತ್ರ ಸರಿಯಾಗಿ ಓಡತೊಡಗಿತು. ಕಳ್ಳನೂ ಸರಿಯಾಗಿ ಓಡಾಡತೊಡಗಿದ. ತಿಳಿದೋ ತಿಳಿಯದೆಯೋ ನಾವೆಲ್ಲ ಆ ವಾರ ಒಬ್ಬರಿಗೊಬ್ಬರು ಹೇಳಿಕೊಟ್ಟ ಮದ್ದು ಇದು.

ಇನ್ನೂ ತಮಾಷೆಯ ಸಂಗತಿ ಮುಂದಿದೆ. ಎದ್ದೇ ಏಳದ ಕಂಪ್ಯೂಟರಿನಿಂದ ಕಳ್ಳರಿಗೆ ಲಾಭವೇನು? ಅವರ ಸಂಪಾದನೆಯೆಲ್ಲ ಯಂತ್ರ ಸರಾಗವಾಗಿ ಓಡುತ್ತಿದ್ದರೆ ಮಾತ್ರ. ಹಾಗಾಗಿ ರೂಟ್‌ಕಿಟ್ ಬರೆದವರು ಕೆಲವೇ ದಿನಗಳಲ್ಲಿ ತಮ್ಮ ತಪ್ಪನ್ನು ತಿದ್ದಿ ಹೊಸ ಆವೃತ್ತಿ ಹಂಚಿಬಿಟ್ಟರು! ಮೈಕ್ರೋಸಾಫ್ಟ್ ಕಾರಣ ಘೋಷಿಸುವ ಮೊದಲೇ. ಸೋಂಕು ತಗುಲಿದ ಕಂಪ್ಯೂಟರುಗಳು ತಮ್ಮ ಒಡೆಯರನ್ನು ಸಂಪರ್ಕಿಸಿ ಅಪ್‌ಡೇಟ್ ಪಡೆಯುವ ವ್ಯವಸ್ಥೆ ಅವರ ಹತ್ತಿರವೂ ಇತ್ತು. ಆಮೇಲೆ ಎಂಎಸ್10-015 ಹಾಕಿದರೂ ಆ ಯಂತ್ರಗಳು ಬೀಳಲಿಲ್ಲ. ನಾವು ಅಪ್‌ಡೇಟ್ ನಿಲ್ಲಿಸಿ ಅಂತ ಊರಿಗೆಲ್ಲ ಫೋನ್ ಮಾಡುತ್ತಿದ್ದಾಗ ಕಳ್ಳರು ಮಾತ್ರ ತಪ್ಪದೇ ಅಪ್‌ಡೇಟ್ ಹಾಕುತ್ತಿದ್ದರು :-(

ಮಾರ್ಚ್ 2ರಂದು ಮೈಕ್ರೋಸಾಫ್ಟ್ ಆ ಅಪ್‌ಡೇಟನ್ನು ಮತ್ತೆ ಹಂಚತೊಡಗಿತು, ಒಂದು ಬದಲಾವಣೆಯೊಂದಿಗೆ. ಈ ಸಲ ಅದು ಹಾಕಿಕೊಳ್ಳುವ ಮೊದಲು ಕರ್ನೆಲ್ ಸಹಜ ಸ್ಥಿತಿಯಲ್ಲಿದೆಯೇ ಅಂತ ನೋಡಿ, ಏನಾದರೂ ಅಸಹಜ ಕಂಡರೆ ಹಾಕಿಕೊಳ್ಳದೆ ಹಿಂದೆ ಸರಿಯುತ್ತಿತ್ತು. ಏಪ್ರಿಲ್ 13ರ ಕರ್ನೆಲ್ ಅಪ್‌ಡೇಟಿಗೂ ಇದೇ ಪರೀಕ್ಷೆ ಇಟ್ಟರು. ಒಳ್ಳೆಯದೇ, ಯಾರ ಕಂಪ್ಯೂಟರೂ ಬೀಳಲಿಲ್ಲ. ಆದರೆ ಇದರ ಇನ್ನೊಂದು ಮುಖ ಯೋಚಿಸಿ. ಯಾರಿಗೆ ರೋಗ ಇದೆಯೋ ಅವರಿಗೇ ಔಷಧ ಸಿಗದ ಹಾಗಾಯಿತು. ಅಪ್‌ಡೇಟ್ ಹಾಕಲಾಗಲಿಲ್ಲ ಅಂತ ಬಂದ ಸೂಚನೆಯನ್ನು ಓದಿ, ಯಾಕೆ ಅಂತ ಹಿಂದೆ ಬಿದ್ದವರಿಗೆ ಮಾತ್ರ ತಮ್ಮೊಳಗಿನ ಕಳ್ಳನ ಸುಳಿವು ಸಿಕ್ಕಿರಬಹುದು.

ಆ ಕಳ್ಳರು ಮಾಡುತ್ತಿದ್ದದ್ದಾದರೂ ಏನು? ಅಲ್ಯೂರಿಯನ್ ಕುಟುಂಬಕ್ಕೆ ಸೇರಿದ ಒಂದು ಕೆಲಸ ಡಿಎನ್‌ಎಸ್ ಬದಲಾಯಿಸುವುದು. ನಾವು ಜಾಲತಾಣದ ಹೆಸರು ಬರೆದಾಗ ಅದರ ನಿಜವಾದ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್. ಅದನ್ನೇ ಬದಲಾಯಿಸಿಬಿಟ್ಟರೆ ನೀವು ಒಂದು ಬಾಗಿಲು ತಟ್ಟಿದರೆ ತೆರೆಯುವುದು ಇನ್ನೊಂದು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ, ಆಪರೇಷನ್ ಘೋಸ್ಟ್ ಕ್ಲಿಕ್ ಅನ್ನೋ ಹೆಸರಿನ ತನಿಖೆಯ ಕೊನೆಗೆ, ಎಸ್ಟೋನಿಯಾದ ಆರು ಜನರ ಬಂಧನವನ್ನು ಪ್ರಕಟಿಸಿತು. ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳು ಅವರ ಹಿಡಿತದಲ್ಲಿದ್ದವು, ಕನಿಷ್ಠ 1.4 ಕೋಟಿ ಡಾಲರ್ ಸಂಪಾದಿಸಿದ್ದರು ಅನ್ನೋದು ಆರೋಪ. ಹೆಚ್ಚಿನ ಹಣ ಬಂದದ್ದು ಜನರನ್ನು ತಮಗೆ ಬೇಕಾದ ಜಾಹೀರಾತಿನ ಕಡೆ ತಿರುಗಿಸುವುದರಿಂದ. ಅವರ ಸರ್ವರುಗಳನ್ನು ಒಮ್ಮೆಲೇ ನಿಲ್ಲಿಸಿದ್ದರೆ ಅಷ್ಟೂ ಜನಕ್ಕೆ ಅಂತರ್ಜಾಲವೇ ಸಿಗುತ್ತಿರಲಿಲ್ಲ. ಅದಕ್ಕೇ ನ್ಯಾಯಾಲಯದ ಅನುಮತಿಯಿಂದ ಬದಲಿ ಸರ್ವರುಗಳನ್ನು 2012ರ ಜುಲೈ 9ರವರೆಗೆ ನಡೆಸಿದರು. ಆ ದಿನ ಹತ್ತಿರ ಬಂದಾಗ ನಮ್ಮ ಪತ್ರಿಕೆಗಳಲ್ಲೂ "ಸೋಮವಾರ ಅಂತರ್ಜಾಲ ಬಂದ್" ಅನ್ನೋ ಥರದ ಗಾಬರಿಯ ಸುದ್ದಿಗಳು ಬಂದದ್ದು ನಿಮಗೆ ನೆನಪಿರಬಹುದು.

ಹಾಗಂತ ಅಪ್‌ಡೇಟ್ ಯಾವಾಗಲೂ ನಿರಪರಾಧಿ ಅಂತಲ್ಲ. ಆ ಮಾತು ಹೇಳದಿದ್ದರೆ ಮತ್ತೊಂದು ಅರ್ಧ ಸುದ್ದಿಯಾಗುತ್ತದೆ. ಅದೇ 2010ರ ಏಪ್ರಿಲ್ 21ರಂದು ಮ್ಯಾಕಫೀ ಆಂಟಿವೈರಸ್‌ನ 5958ನೇ ಅಪ್‌ಡೇಟ್, ಎಕ್ಸ್‌ಪಿಯ ಸ್ವಂತ ಕಡತವಾದ ಎಸ್‌ವಿಸಿಹೋಸ್ಟನ್ನೇ ವೈರಸ್ ಅಂತ ತಪ್ಪು ತಿಳಿದು ಎತ್ತಿಹಾಕಿತು. ಕಂಪ್ಯೂಟರುಗಳು ಮತ್ತೆ ಮತ್ತೆ ಶುರುವಾಗುತ್ತಾ, ನೆಟ್‌ವರ್ಕ್ ಇಲ್ಲದೆ ಒದ್ದಾಡಿದವು. ಅಲ್ಲಿ ಕಳ್ಳ ಯಾರೂ ಇರಲಿಲ್ಲ, ಕಾವಲುಗಾರನೇ ಮನೆಯವನನ್ನು ಹೊಡೆದದ್ದು. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿತು. ನಾಲ್ಕೇ ದಿನದಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಇನ್ನು 2024ರ ಜುಲೈ 19 ಯಾರಿಗೆ ನೆನಪಿಲ್ಲ? ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ಚಿಕ್ಕ ಅಪ್‌ಡೇಟ್. ಅದರಲ್ಲಿ 21 ಅಂಶಗಳನ್ನು ನಿರೀಕ್ಷಿಸಿದ ಕಡೆ 20 ಮಾತ್ರ ಇದ್ದವು. 21ನೆಯದನ್ನು ಹುಡುಕಿ ಇಲ್ಲದ ಜಾಗಕ್ಕೆ ಕೈಹಾಕಿದ್ದರಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆಗೆ ಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ತಪ್ಪಾದ ಅಪ್‌ಡೇಟನ್ನು ಸುಮಾರು ಒಂದೂಕಾಲು ಗಂಟೆಯಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದರು, ಆದರೆ ಅಷ್ಟರಲ್ಲಿ ಬಿದ್ದ ಯಂತ್ರ ಏಳದೆ ಅದಕ್ಕೆ ಏನನ್ನೂ ಕಳಿಸುವ ಹಾಗಿಲ್ಲವಲ್ಲ. ಪ್ರತಿಯೊಂದರ ಮುಂದೆಯೂ ಒಬ್ಬ ಮನುಷ್ಯ ಹೋಗಿ ಕೂತು, ಸೇಫ್ ಮೋಡಿಗೆ ಹೋಗಿ, 291 ಅನ್ನೋ ಅಂಕಿ ಇರುವ ಕಡತ ಅಳಿಸಬೇಕು. ಡಿಸ್ಕಿಗೆ ಬೀಗ ಹಾಕಿದ್ದರೆ ಉದ್ದನೆಯ ರಿಕವರಿ ಕೀ ಕೂಡ ಬೇಕು. 2010ರಲ್ಲಿ ಪಾಸ್‌ವರ್ಡ್ ಮರೆತು ಕಪ್ಪು ತೆರೆ ಮುಂದೆ ಕೂತವರ ಪಾಡೇ ಮತ್ತೆ!

ಹಾಗಾದರೆ ಅಪ್‌ಡೇಟ್ ಹಾಕಿದ ಮೇಲೆ ಕಂಪ್ಯೂಟರ್ ಬಿದ್ದರೆ ಯಾರನ್ನು ಅನುಮಾನಿಸಬೇಕು? ಈ ಹಳೇ ಕತೆಗಳನ್ನೆಲ್ಲ ಓದಿ ನಾನು ಮಾಡಿಕೊಂಡಿರುವ ಕ್ರಮ ಹೀಗಿದೆ. ಮೊದಲು ನೀಲಿ ತೆರೆಯ ಫೋಟೋ ತೆಗೆದುಕೊಳ್ಳುವುದು, ಆ ಸಂಖ್ಯೆಯೇ ಮುಖ್ಯ ಸಾಕ್ಷಿ. ಫಾರ್ಮ್ಯಾಟ್ ಮಾತು ಎತ್ತದಿರುವುದು. ಕೊನೆಗೆ ಬಂದ ಅಪ್‌ಡೇಟ್ ತೆಗೆದರೆ ಏಳುತ್ತದೆ ಅಂತಾದರೆ ತೆಗೆಯುವುದು, ಆದರೆ ಅದು ಪೂರ್ತಿ ರಿಪೇರಿ ಅಂದುಕೊಳ್ಳದಿರುವುದು. ಎದ್ದ ತಕ್ಷಣ ಮುಖ್ಯ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳುವುದು. ಆಮೇಲೆ ಇನ್ನೊಂದು ಪ್ರಶ್ನೆ: ಇದೇ ಅಪ್‌ಡೇಟ್ ಹಾಕಿಕೊಂಡ ಎಲ್ಲರದ್ದೂ ಬಿದ್ದಿದೆಯೇ, ನನ್ನದು ಮಾತ್ರವೇ? ಎಲ್ಲರದ್ದೂ ಬಿದ್ದಿದ್ದರೆ ತಪ್ಪು ಅಪ್‌ಡೇಟಿನದ್ದೇ ಇರಬಹುದು, ತಿದ್ದಿದ ಆವೃತ್ತಿ ಬರುತ್ತದೆ, ಕಾಯಬೇಕು. ನನ್ನಂಥ ಕೆಲವರದ್ದು ಮಾತ್ರ ಬಿದ್ದಿದ್ದರೆ ನನ್ನ ಯಂತ್ರದಲ್ಲೇ ಏನೋ ಇದೆ. ಅದು ಕಳ್ಳನೇ ಆಗಬೇಕಿಲ್ಲ. ಸಾಯುತ್ತಿರುವ ಡಿಸ್ಕ್ ಇರಬಹುದು, ಕೆಟ್ಟ ಮೆಮೊರಿ ಇರಬಹುದು, ಓಬೀರಾಯನ ಕಾಲದ ಡ್ರೈವರ್ ಇರಬಹುದು. ಹೊರಗಿನ ಸಿಡಿ ಅಥವಾ ಪೆನ್ ಡ್ರೈವಿನಿಂದ ಶುರು ಮಾಡಿ ಪರೀಕ್ಷಿಸಬೇಕು, ಯಾಕೆಂದರೆ ಒಳಗಿನವನು ಸುಳ್ಳು ಹೇಳಬಲ್ಲ. ಕಾರಣ ಸಿಕ್ಕಿ ಸರಿಪಡಿಸಿದ ಮೇಲೆ ಆ ಅಪ್‌ಡೇಟನ್ನು ಮತ್ತೆ ಹಾಕಬೇಕು. ಹಾಕಿದ ಮೇಲೂ ಕಂಪ್ಯೂಟರ್ ಎದ್ದರೆ ಆಗ ರಿಪೇರಿ ಮುಗಿಯಿತು. ಈ ಕೊನೆಯ ಹೆಜ್ಜೆಯನ್ನೇ ನಾವು ಬಿಡುವುದು.

ಚಿಕ್ಕಪ್ಪನ ಎಕ್ಸ್‌ಪಿ ಕಂಪ್ಯೂಟರ್ 2014ರವರೆಗೂ ಇತ್ತು. ಪಿಂಚಣಿ ಬಂತಾ ಅಂತ ಅದರಲ್ಲೇ ಬ್ಯಾಂಕಿನ ತಾಣ ನೋಡುತ್ತಿದ್ದರು. ನಾಲ್ಕು ವರ್ಷ ಒಂದೂ ಅಪ್‌ಡೇಟ್ ಇಲ್ಲದೆ, ನನ್ನ ಮಾತು ನಂಬಿ. ದುಡ್ಡೇನೂ ಹೋಗಲಿಲ್ಲ. ಅದರೊಳಗೆ ಯಾರಾದರೂ ಕೂತಿದ್ದರೋ ಇಲ್ಲವೋ ಇನ್ನು ಗೊತ್ತಾಗುವ ಹಾಗಿಲ್ಲ, ಆ ಯಂತ್ರ ಎಂದೋ ಗುಜರಿಗೆ ಹೋಯಿತು. ಕೆಟ್ಟ ಸಲಹೆ ಕೊಟ್ಟೂ ಬಚಾವಾದೆ ಅಷ್ಟೇ.

ಮೊನ್ನೆ ಜಗಲಿಯಲ್ಲಿ ಕೂತು ಇದಿಷ್ಟನ್ನೂ ಅವರಿಗೆ ಹೇಳಿದೆ. ಹನ್ನೆರಡು ಹೆಜ್ಜೆಯ ಕಳ್ಳ ಬಾವಿಗೆ ಬಿದ್ದದ್ದು ಕೇಳಿ ಜೋರಾಗಿ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಅವಾಗ್ಲೇ ಹೇಳ್ಬಾರ್ದಿತ್ತಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನನ್ನು ಚಾರ್ಜಿಗೆ ಹಾಕಿ, ಫೋಟೋಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು, ಅಪ್‌ಡೇಟ್ ಒತ್ತಿದೆ. ಅದು ಆರಿ ಮತ್ತೆ ಹೊತ್ತಿಕೊಳ್ಳುವವರೆಗೆ ಇಬ್ಬರೂ ಅದನ್ನೇ ನೋಡುತ್ತಾ ಕೂತಿದ್ದೆವು.

ಹೊತ್ತಿಕೊಂಡಿತು. ಮೊಮ್ಮಗಳ ಫೋಟೋನೂ ಇತ್ತು :-)

ನೀವೂ ಯಾರಿಗಾದರೂ ಹೀಗೆ ಅರ್ಧ ಸುದ್ದಿ ಹೇಳಿ ಮರೆತಿದ್ದರೆ ಒಂದು ಫೋನ್ ಮಾಡಿಬಿಡಿ.